ಕೃಷಿ ಪದವಿಗೆ ಯಾವ ಕಾಲೇಜು? ಓದುಗರ ಪ್ರಶ್ನೆಗಳಿಗೆ ಉತ್ತರ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ನಂತರದ ವಾರಗಳಲ್ಲಿ ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಿಂದ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಕೃಷಿ ಪದವಿಯ ಬಗ್ಗೆ ಕೇಳುವವು ಈಚೆಗೆ ಹೆಚ್ಚಾಗಿವೆ. ಕೃಷಿ ವಿಶ್ವವಿದ್ಯಾಲಯವೊಂದರಲ್ಲಿ ದೀರ್ಘಕಾಲ ಪಾಠ ಹೇಳಿ ಊರಿಗೆ ಮರಳಿದವನಾದ ನನಗೆ ಇದು ಸಂತೋಷದ ಸಂಗತಿ. ಈ ಸಂಚಿಕೆಗೆ ನಾಲ್ಕು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಬರೆದವರ ಹೆಸರುಗಳನ್ನು ಅವರ ಅಪೇಕ್ಷೆಯಂತೆ ಕೈಬಿಡಲಾಗಿದೆ.

ಪ್ರಶ್ನೆ: ಮಾನ್ಯರೇ, ನಾವು ಹೆಬ್ರಿ ಕಡೆಯವರು. ಎರಡು ಎಕರೆ ಅಡಿಕೆ ತೋಟ, ಅರ್ಧ ಎಕರೆ ಬಯಲು ಗದ್ದೆ ಇದೆ. ಮನೆಯವರು ಮಣಿಪಾಲದ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದಾರೆ. ಮಗಳು ಪಿಸಿಎಂಬಿ ಓದಿ ಸಿಇಟಿ ಬರೆದಿದ್ದಾಳೆ. ಬಿಎಸ್ಸಿ ಅಗ್ರಿ ಬಿಟ್ಟರೆ ಬೇರೆ ಬೇಡ ಎನ್ನುತ್ತಾಳೆ. ಹೊರರಾಜ್ಯದ ಒಂದು ಖಾಸಗಿ ವಿಶ್ವವಿದ್ಯಾಲಯದ ಪರವಾಗಿ ಒಬ್ಬರು ಮನೆಗೇ ಬಂದು, ಈಗ 25 ಸಾವಿರ ರೂಪಾಯಿ ಕಟ್ಟಿದರೆ ಸೀಟು ಖಾತ್ರಿ, ಮುಂದೆ ವರ್ಷಕ್ಕೆ ಹಾಸ್ಟೆಲೂ ಸೇರಿ ಮೂರು ಲಕ್ಷವಾಗುತ್ತದೆ ಎಂದರು. ನಮಗೆ ವರ್ಷಕ್ಕೆ ಒಂದು ಲಕ್ಷ ಹೊಂದಿಸುವುದೇ ಕಷ್ಟ. ಸರಕಾರಿ ಸೀಟು ಸಿಗದಿದ್ದರೆ ಎಂಬ ಭಯ. ಕಡಿಮೆ ಖರ್ಚಿನಲ್ಲಿ ಒಳ್ಳೆಯ ಕಾಲೇಜನ್ನು ಹೇಗೆ ಆರಿಸಬೇಕು? (ಓರ್ವ ತಾಯಿ, ಹೆಬ್ರಿ)

ಉತ್ತರ: ಮೊದಲು ತುರ್ತಾದ ಮಾತನ್ನು ಹೇಳಿಬಿಡುತ್ತೇನೆ. ಆ 25 ಸಾವಿರವನ್ನು ಈಗ ಕಟ್ಟಬೇಡಿ. ಸಿಇಟಿಯ ಮೂಲಕ ನಡೆಯುವ ಸೀಟು ಹಂಚಿಕೆ ಮುಗಿಯುವುದಕ್ಕೆ ಮುಂಚೆ, ಬಾಗಿಲಿಗೆ ಬಂದು ಸೀಟು ಖಾತ್ರಿ ಎನ್ನುವವರಿಗೆ ಬೇಕಾಗಿರುವುದು ನಿಮ್ಮ ಅವಸರ. ಕಟ್ಟಿದ ಹಣ ಹಿಂದಕ್ಕೆ ಬರುತ್ತದೆಯೇ ಎಂದು ಕೇಳಿ, ಬರುತ್ತದೆ ಎಂದರೆ ಅದನ್ನು ಬರಹದಲ್ಲಿ ಕೊಡುವಂತೆ ಕೇಳಿ. ಆಗ ಅವರ ಮಾತಿನ ಧಾಟಿ ಬದಲಾಗುವುದನ್ನು ನೀವೇ ಗಮನಿಸುತ್ತೀರಿ.

ಕೃಷಿ ಪದವಿ ಎಂದರೆ ಬಿಎಸ್ಸಿ (ಆನರ್ಸ್) ಕೃಷಿ, ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಅದರ ಪಠ್ಯಕ್ರಮದ ಚೌಕಟ್ಟನ್ನು ದೇಶಕ್ಕೆಲ್ಲ ಒಂದೇ ಆಗಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು, ಅಂದರೆ ಐಸಿಎಆರ್, ಡೀನರ ಸಮಿತಿಗಳ ಮೂಲಕ ರೂಪಿಸುತ್ತದೆ. ಸದ್ಯ ಜಾರಿಗೆ ಬರುತ್ತಿರುವುದು ಆರನೆಯ ಡೀನರ ಸಮಿತಿಯ ಶಿಫಾರಸು. ಹಾಗಾಗಿ ರಾಯಚೂರಿನ ತರಗತಿಯಲ್ಲಿಯೂ ಶಿವಮೊಗ್ಗದ ತರಗತಿಯಲ್ಲಿಯೂ ಮಣ್ಣು ವಿಜ್ಞಾನ, ಬೇಸಾಯ ಶಾಸ್ತ್ರ, ಕೀಟಶಾಸ್ತ್ರ, ಸಸ್ಯರೋಗ ಶಾಸ್ತ್ರ, ತಳಿ ಅಭಿವೃದ್ಧಿ, ಕೃಷಿ ಅರ್ಥಶಾಸ್ತ್ರ, ಕೃಷಿ ವಿಸ್ತರಣೆ ಎಂಬ ವಿಷಯಗಳು ಸರಿಸುಮಾರು ಒಂದೇ ಕ್ರಮದಲ್ಲಿ ಬರುತ್ತವೆ. ಪುಸ್ತಕದಲ್ಲಿ ಇರುವುದು ಎಲ್ಲೆಡೆ ಒಂದೇ ಆದ ಮೇಲೆ ಒಂದು ಕಾಲೇಜನ್ನು ಇನ್ನೊಂದರಿಂದ ಬೇರೆ ಮಾಡುವುದು ಮೂರು: ಅದಕ್ಕೆ ಸ್ವಂತ ಜಮೀನು ಎಷ್ಟಿದೆ ಮತ್ತು ಆ ಜಮೀನಿನಲ್ಲಿ ವಿದ್ಯಾರ್ಥಿಗಳು ನಿಜವಾಗಿ ಕೆಲಸ ಮಾಡುತ್ತಾರೆಯೇ, ಪ್ರತಿಯೊಂದು ವಿಭಾಗಕ್ಕೂ ಕಾಯಂ ಅಧ್ಯಾಪಕರಿದ್ದಾರೆಯೇ, ಪದವಿಗೆ ಮಾನ್ಯತೆ ಇದೆಯೇ. ಕಟ್ಟಡದ ಗಾಜು, ಈಜುಕೊಳ, ಬಸ್ಸುಗಳ ಸಾಲು ಇವು ಯಾವುವೂ ಈ ಲೆಕ್ಕಕ್ಕೆ ಬರುವುದಿಲ್ಲ.

ಈ ಮೂರೂ ಕಡಿಮೆ ಶುಲ್ಕದಲ್ಲಿ ಒಟ್ಟಿಗೆ ಸಿಗುವುದು ನಮ್ಮ ರಾಜ್ಯದ ಕೃಷಿ ವಿಶ್ವವಿದ್ಯಾಲಯಗಳ ಅಂಗಕಾಲೇಜುಗಳಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ. 1964ರಲ್ಲಿ ಆರಂಭವಾದ ಬೆಂಗಳೂರು, 1986ರಲ್ಲಿ ಪ್ರತ್ಯೇಕಗೊಂಡ ಧಾರವಾಡ, ಆ ಮೇಲೆ ಬಂದ ರಾಯಚೂರು, ನಮಗೆ ಅತ್ಯಂತ ಸಮೀಪದ, ಕೆಳದಿ ಶಿವಪ್ಪ ನಾಯಕರ ಹೆಸರಿನ ಶಿವಮೊಗ್ಗದ ವಿಶ್ವವಿದ್ಯಾಲಯ, ತೋಟಗಾರಿಕೆಗಾಗಿಯೇ ಇರುವ ಬಾಗಲಕೋಟೆ, ಇವೆಲ್ಲವುಗಳಿಗೂ ಹಲವು ಊರುಗಳಲ್ಲಿ ಕಾಲೇಜುಗಳಿವೆ. ಕರಾವಳಿಯ ಪಾಲಕರಿಗೆ ಗೊತ್ತಿರುವುದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ, ಹೆಚ್ಚೆಂದರೆ ಶಿವಮೊಗ್ಗ. ಮಂಡ್ಯದ ವಿ.ಸಿ. ಫಾರ್ಮ್, ಹಾಸನದ ಕಾರೆಕೆರೆ, ರಾಣೆಬೆನ್ನೂರಿನ ಹತ್ತಿರದ ಹನುಮನಮಟ್ಟಿ, ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಯ ಭೀಮರಾಯನಗುಡಿ, ಇವುಗಳ ಹೆಸರನ್ನೇ ಕೇಳದವರೂ ಇದ್ದಾರೆ. ಕೇಳಿದವರು ದೂರವಾಯಿತೆಂದು ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ತುಂಬುವ ಹಂತದಲ್ಲಿ, ಅವುಗಳನ್ನು ನಮೂದಿಸುವುದೇ ಇಲ್ಲ. ಕೊನೆಗೆ ನಾಲ್ಕೇ ಕಾಲೇಜುಗಳನ್ನು ಬರೆದು, ಸೀಟು ಸಿಗಲಿಲ್ಲವೆಂದು ಕೊರಗಿ, ಅದಕ್ಕಿಂತ ಎರಡು ಪಟ್ಟು ದೂರದ ಹೊರರಾಜ್ಯಕ್ಕೆ ಹಲವು ಪಟ್ಟು ಹಣ ಕೊಟ್ಟು ಕಳುಹಿಸುತ್ತಾರೆ. ಇದನ್ನು ನಾನು ವರ್ಷ ವರ್ಷವೂ ನೋಡುತ್ತಿದ್ದೇನೆ, ಪ್ರತಿ ಸಲವೂ ಮನಸ್ಸಿಗೆ ನೋವಾಗುತ್ತದೆ. ಮಗಳು ಓದಲು ಸಿದ್ಧಳಿರುವ ಎಲ್ಲ ಸರಕಾರಿ ಕಾಲೇಜುಗಳನ್ನೂ, ಇಷ್ಟದ ಕ್ರಮದಲ್ಲಿ, ಒಂದೂ ಬಿಡದೆ ನಮೂದಿಸಲಿ. ಮೇಲಿನದು ಸಿಗುವಂತಿದ್ದರೆ ಕೆಳಗೆ ಹೆಚ್ಚು ಹೆಸರು ಬರೆದ ಕಾರಣಕ್ಕೆ ಅದು ತಪ್ಪಿಹೋಗುವುದಿಲ್ಲ.

ದೂರದ ಜಿಲ್ಲೆಯ ಕಾಲೇಜು ಕೆಳದರ್ಜೆಯದು ಎಂಬ ಭಾವನೆಯೂ ಬೇಡ. ರಾಗಿಯ ಇಂಡಾಫ್ ತಳಿಗಳನ್ನು ವಿಜ್ಞಾನಿ ಲಕ್ಷ್ಮಣಯ್ಯನವರು ರೂಪಿಸಿದ್ದು ಮಂಡ್ಯದ ವಿ.ಸಿ. ಫಾರ್ಮಿನಲ್ಲಿ, ವರಲಕ್ಷ್ಮಿ ಎಂಬ ಹೆಸರಾಂತ ಸಂಕರಣ ಹತ್ತಿ ಬಂದದ್ದು ಧಾರವಾಡದಿಂದ. ಸಂಶೋಧನಾ ಕೇಂದ್ರ ಪಕ್ಕದಲ್ಲೇ ಇರುವ ಕಾಲೇಜಿನಲ್ಲಿ ವಿದ್ಯಾರ್ಥಿ ಬೆಳೆಯನ್ನು ಬಿತ್ತನೆಯಿಂದ ಒಕ್ಕಣೆಯವರೆಗೆ ಕಣ್ಣಾರೆ ನೋಡುತ್ತಾನೆ. ನಮ್ಮ ಮಕ್ಕಳಿಗಂತೂ ಜೋಳ, ತೊಗರಿ, ಹತ್ತಿ, ಕಡಲೆಯ ಹೊಲಗಳೇ ಹೊಸವು. ಮುಂದೆ ಕೃಷಿ ಇಲಾಖೆಯಲ್ಲಿ ನೌಕರಿ ಸಿಕ್ಕರೆ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲಿಗೆ ಬೇಕಾದರೂ ಹೋಗಬೇಕಾದವರು ಅವರು. ನಾಲ್ಕು ವರ್ಷ ಕಪ್ಪು ಮಣ್ಣಿನಲ್ಲಿ ಓಡಾಡಿ ಬರುವುದು ಅವರಿಗೆ ಲಾಭವೇ.

ಮಾನ್ಯತೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲಿಯೇ. ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, ಮಾನ್ಯತೆ ಇದೆ ಎಂದು ಖಾಸಗಿ ಸಂಸ್ಥೆಯವರು ಪ್ರಮಾಣಪತ್ರ ತೋರಿಸುತ್ತಾರೆ. ಅದು ಸುಳ್ಳಲ್ಲ, ಆದರೆ ಅದು ವಿಶ್ವವಿದ್ಯಾಲಯ ನಡೆಸಲು ಇರುವ ಮಾನ್ಯತೆ. ಕೃಷಿ ಶಿಕ್ಷಣದ ಗುಣಮಟ್ಟವನ್ನು ಪರಿಶೀಲಿಸಿ ಮಾನ್ಯತೆ ನೀಡುವುದು ಐಸಿಎಆರ್‌ನ ಮಾನ್ಯತಾ ಮಂಡಳಿ. ಅದು ಇಲ್ಲದ ಖಾಸಗಿ ಕಾಲೇಜಿನಲ್ಲಿ ಓದಿದವರಿಗೆ ಐಸಿಎಆರ್ ನಡೆಸುವ ಸ್ನಾತಕೋತ್ತರ ಪ್ರವೇಶದ ದಾರಿ ಮುಚ್ಚಿಹೋಗುತ್ತದೆ. ನನ್ನ ಪರಿಚಯದ ಹುಡುಗನೊಬ್ಬ ಹೀಗೆಯೇ ಒಂದು ಖಾಸಗಿ ಸಂಸ್ಥೆಯಲ್ಲಿ ಓದಿ, ಒಳ್ಳೆಯ ಅಂಕಗಳನ್ನೇ ಪಡೆದು, ಎಂಎಸ್ಸಿಗೆ ಅರ್ಜಿ ಹಾಕುವ ದಿನ ಈ ಸಂಗತಿಯನ್ನು ತಿಳಿದುಕೊಂಡ. ನಾಲ್ಕು ವರ್ಷ ಅವನಿಗೆ ಅದನ್ನು ಯಾರೂ ಹೇಳಿರಲಿಲ್ಲ, ಅವನ ತಂದೆ ಸೊಸೈಟಿಯಲ್ಲಿ ಮಾಡಿದ್ದ ಸಾಲ ಮಾತ್ರ ಬೆಳೆಯುತ್ತಲೇ ಇತ್ತು. ಆದ್ದರಿಂದ ಖಾಸಗಿ ಕಾಲೇಜನ್ನು ಯೋಚಿಸಲೇಬೇಕಾದ ಸ್ಥಿತಿ ಬಂದರೆ, ಈ ಪದವಿಗೆ ಐಸಿಎಆರ್ ಮಾನ್ಯತೆ ಇದೆಯೇ, ಇದ್ದರೆ ಯಾವ ವರ್ಷದವರೆಗೆ ಎಂಬುದನ್ನು ಅವರ ಕರಪತ್ರದಲ್ಲಿ ಅಲ್ಲ, ಐಸಿಎಆರ್ ಪ್ರಕಟಿಸುವ ಪಟ್ಟಿಯಲ್ಲಿ ನೋಡಿ. ಅದರ ಜೊತೆಗೆ ಕೃಷಿ ಅಧಿಕಾರಿ, ಸಹಾಯಕ ಕೃಷಿ ಅಧಿಕಾರಿ ಹುದ್ದೆಗಳಿಗೆ ಕರ್ನಾಟಕ ಲೋಕಸೇವಾ ಆಯೋಗ ಹೊರಡಿಸಿದ ಹಿಂದಿನ ಅಧಿಸೂಚನೆಯನ್ನು ತೆರೆದು, ಅದರಲ್ಲಿ ಕೇಳಿರುವ ವಿದ್ಯಾರ್ಹತೆಯ ಸಾಲನ್ನು ಆ ಪದವಿಯ ಹೆಸರಿನ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ. ಬಿಎಸ್ಸಿ (ಆನರ್ಸ್) ಕೃಷಿ ಬೇರೆ, ಮೂರು ವರ್ಷದ ಸಾಮಾನ್ಯ ಬಿಎಸ್ಸಿಯಲ್ಲಿ ಕೃಷಿಯನ್ನು ಒಂದು ವಿಷಯವಾಗಿ ಓದುವುದು ಬೇರೆ, ವೃತ್ತಿ ಶಿಕ್ಷಣದ ಬಿ.ವೊಕ್ ಬೇರೆ.

ಇನ್ನು ಖರ್ಚಿನ ಮಾತು. ನಿಮಗೆ ಹೇಳಿದ ಮೂರು ಲಕ್ಷವನ್ನು ನಾಲ್ಕು ವರ್ಷಕ್ಕೆ ಗುಣಿಸಿದರೆ 12 ಲಕ್ಷ. ವರ್ಷಕ್ಕೆ ಒಂದು ಲಕ್ಷ ಕಷ್ಟವೆನ್ನುವ ಮನೆಗೆ ಅದು ತೋಟವನ್ನು ಅಡವಿಡುವ ಮೊತ್ತ. ಸರಕಾರಿ ಸೀಟಿನ ಶುಲ್ಕವನ್ನು ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರವು ಸೀಟು ಹಂಚಿಕೆಗೆ ಮೊದಲು ಕೋರ್ಸುವಾರು ಪ್ರಕಟಿಸುತ್ತದೆ. ಅದರ ಜೊತೆಗೆ ಹಾಸ್ಟೆಲ್ ಬಾಡಿಗೆ, ಮೆಸ್ಸಿನ ಖರ್ಚು, ಅಧ್ಯಯನ ಪ್ರವಾಸ, ಕೊನೆಯ ವರ್ಷ ಹಳ್ಳಿಯಲ್ಲಿ ತಂಗಿ ನಡೆಸುವ ಗ್ರಾಮೀಣ ಕೃಷಿ ಕಾರ್ಯಾನುಭವ ಶಿಬಿರ, ವರ್ಷಕ್ಕೆ ನಾಲ್ಕಾರು ಸಲ ಊರಿಗೆ ಬಂದುಹೋಗುವ ಬಸ್ಸಿನ ಹಣ, ಇಷ್ಟನ್ನೂ ಸೇರಿಸಿ ಲೆಕ್ಕ ಹಾಕಿ. ಮೆಸ್ಸಿನಲ್ಲಿ ತಿಂಗಳ ಒಟ್ಟು ಖರ್ಚನ್ನು ವಿದ್ಯಾರ್ಥಿಗಳ ಮೇಲೆ ಹಂಚುವ ಪದ್ಧತಿ ಇರುವೆಡೆ ನಿಜವಾದ ಮೊತ್ತವನ್ನು ತಿಳಿಸಬಲ್ಲವರು ಈಗ ಅಲ್ಲಿ ಓದುತ್ತಿರುವ ಮಕ್ಕಳೇ. ಪೇಮೆಂಟ್ ಸೀಟು, ಎನ್‌ಆರ್‌ಐ ಸೀಟು ಎಂಬವು ಸರಕಾರಿ ವಿಶ್ವವಿದ್ಯಾಲಯಗಳಲ್ಲಿಯೂ ಇವೆ. ಒಂದೇ ಕಾಲೇಜಿನಲ್ಲಿ ಶುಲ್ಕ ಬೇರೆ ಬೇರೆ ಇರುವುದರಿಂದ ನಿಮ್ಮ ಮಗಳ ಕೈಗೆ ಬಂದದ್ದು ಯಾವ ಸೀಟು ಎಂದು ಒಪ್ಪಿಕೊಳ್ಳುವ ಮುಂಚೆ ನೋಡಿಕೊಳ್ಳಿ.

ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಆಧಾರ್‌ನಲ್ಲಿಯೂ ಅಂಕಪಟ್ಟಿಯಲ್ಲಿಯೂ ಹೆಸರು ಒಂದೇ ರೀತಿ ಇರಲಿ. ಇನಿಷಿಯಲ್ ಹಿಂದುಮುಂದಾದ ಕಾರಣಕ್ಕೆ ಇಡೀ ವರ್ಷದ ಹಣ ನಿಂತದ್ದನ್ನು ನಾನು ಬಲ್ಲೆ. ಸಾಲ ಬೇಕಾದರೂ, ಸರಕಾರಿ ಸೀಟಿನ ಮೊತ್ತವು ಬ್ಯಾಂಕುಗಳು ಅಡಮಾನವಿಲ್ಲದೆ ಕೊಡುವ ಶಿಕ್ಷಣ ಸಾಲದ ಮಿತಿಯೊಳಗೇ ಮುಗಿಯುತ್ತದೆ, ತೋಟದ ಪಹಣಿ ನಿಮ್ಮ ಪೆಟ್ಟಿಗೆಯಲ್ಲೇ ಇರುತ್ತದೆ.

ಮಗಳು ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯಾದ ಸಿಯುಇಟಿಯನ್ನೂ ಬರೆದಿದ್ದರೆ ಇನ್ನೊಂದು ಬಾಗಿಲಿದೆ. ಕೃಷಿ ವಿಶ್ವವಿದ್ಯಾಲಯಗಳ ಶೇ. 20ರಷ್ಟು ಸೀಟುಗಳನ್ನು ಐಸಿಎಆರ್ ಅಖಿಲ ಭಾರತ ಮಟ್ಟದಲ್ಲಿ ಆ ಅಂಕಗಳ ಮೇಲೆ ತುಂಬುತ್ತದೆ. ಅದಕ್ಕೆ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು, ಪರೀಕ್ಷೆ ಬರೆದರೆ ಸಾಲದು. ನಮ್ಮ ಪಕ್ಕದ ಕಾಸರಗೋಡು ಜಿಲ್ಲೆಯ ಪಡನ್ನಕ್ಕಾಡಿನಲ್ಲಿರುವ ಕೇರಳ ಕೃಷಿ ವಿಶ್ವವಿದ್ಯಾಲಯದ ಕಾಲೇಜು ಮಂಗಳೂರಿನಿಂದ ರೈಲಿನಲ್ಲಿ ಹೋಗಿಬರುವಷ್ಟು ಹತ್ತಿರ. ಅಲ್ಲಿನ ಬೆಳೆ, ಮಳೆ, ಮಣ್ಣು ಎಲ್ಲವೂ ನಮ್ಮವೇ. ಈ ಸಲ ಬರೆದಿಲ್ಲವಾದರೆ ನಿಮ್ಮ ನೆರೆಮನೆಯ ಪಿಯುಸಿ ಮಕ್ಕಳಿಗಾದರೂ ಇದನ್ನು ತಿಳಿಸಿ.

ಕೊನೆಯ ಕೆಲಸ ಒಂದಿದೆ. ಆಗುಂಬೆಯ ದಾರಿಯಲ್ಲಿ ಶಿವಮೊಗ್ಗ ನಿಮಗೆ ಒಂದು ದಿನದಲ್ಲಿ ಹೋಗಿಬರುವ ಊರು. ಆಪ್ಷನ್ ಎಂಟ್ರಿಗೆ ಮುಂಚೆ ಮಗಳನ್ನು ಕರೆದುಕೊಂಡು ನವಿಲೆಯ ಕೃಷಿ ಕಾಲೇಜನ್ನೂ, ಸಾಧ್ಯವಾದರೆ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿರುವ ವಿಶಾಲವಾದ ಮುಖ್ಯ ಆವರಣವನ್ನೂ ನೋಡಿ ಬನ್ನಿ. ಕಚೇರಿಗೆ ಹೋಗುವುದು ಆಮೇಲೆ. ಮೊದಲು ಹೊಲಕ್ಕೆ ಹೋಗಿ, ಅಲ್ಲಿ ವಿದ್ಯಾರ್ಥಿಗಳು ಬೆಳೆದ ತಾಕುಗಳಿವೆಯೇ ಎಂದು ನೋಡಿ, ಯಾರಾದರೂ ವಿದ್ಯಾರ್ಥಿನಿಯನ್ನು ನಿಲ್ಲಿಸಿ ಹಾಸ್ಟೆಲಿನ ನೀರು, ಊಟ, ಸಂಜೆಯ ಓಡಾಟದ ವಿಚಾರ ಕೇಳಿ. ನಿಮ್ಮ ಮಗಳು ಅಲ್ಲಿ ನಾಲ್ಕು ವರ್ಷ ಇರಬೇಕಾದವಳು. ಅವಳ ಕಣ್ಣಿಗೆ ಬಿದ್ದದ್ದನ್ನೂ ಕೇಳಿಕೊಳ್ಳಿ.

ಪ್ರಶ್ನೆ: ಸರ್, ನಾನು ಬೆಳ್ತಂಗಡಿ ತಾಲ್ಲೂಕಿನ ಹಳ್ಳಿಯವನು, ಪ್ರಥಮ ಪಿಯುಸಿ ಮುಗಿಸಿದ್ದೇನೆ. ಒಂದರಿಂದ ಹತ್ತರವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿದೆ. ಅಂಕ ಸಾಧಾರಣ. ಕೋಚಿಂಗಿಗೆ ಹೋಗುವ ಶಕ್ತಿ ಇಲ್ಲ. ಅಪ್ಪ ಕೃಷಿಕರು, ಜಾಗ ಅಜ್ಜನ ಹೆಸರಿನಲ್ಲಿದೆ. ರೈತರ ಮಕ್ಕಳಿಗೆ ಬೇರೆ ಪರೀಕ್ಷೆ ಇದೆ ಎನ್ನುತ್ತಾರೆ, ಹೌದೇ? ನನ್ನಂಥವರಿಗೆ ಸೀಟು ಸಿಗುವುದುಂಟೇ? (ಒಬ್ಬ ವಿದ್ಯಾರ್ಥಿ, ಬೆಳ್ತಂಗಡಿ)

ಉತ್ತರ: ಉಂಟು ಮಗೂ, ಸಿಗುವುದುಂಟು. ನೀನು ಒಂದು ವರ್ಷ ಮೊದಲೇ ಕೇಳಿದ್ದು ಒಳ್ಳೆಯದಾಯಿತು.

ಸಾಮಾನ್ಯ ಪಟ್ಟಿಯಲ್ಲಿ ದ್ವಿತೀಯ ಪಿಯುಸಿಯ ಅಂಕಕ್ಕೆ ಅರ್ಧ, ಸಿಇಟಿಯ ಅಂಕಕ್ಕೆ ಅರ್ಧ ಬೆಲೆ ಕೊಟ್ಟು ರ‍್ಯಾಂಕ್ ನಿರ್ಧರಿಸುತ್ತಾರೆ. ಕೃಷಿಕರ ಕೋಟಾದಲ್ಲಿ ಹಾಗಲ್ಲ. ಅಲ್ಲಿ ಪ್ರಾಯೋಗಿಕ ಪರೀಕ್ಷೆ ಎಂಬ ಮೂರನೆಯದೊಂದಿದೆ ಮತ್ತು ಅರ್ಧದಷ್ಟು ತೂಕ ಅದಕ್ಕೇ ಇದೆ. ಉಳಿದರ್ಧವನ್ನು ಪಿಯುಸಿ ಮತ್ತು ಸಿಇಟಿ ಅಂಕಗಳು ಹಂಚಿಕೊಳ್ಳುತ್ತವೆ. 2021ರಲ್ಲಿ ಸರಕಾರ ಈ ಕೋಟಾವನ್ನು ಶೇ. 40ರಿಂದ ಶೇ. 50ಕ್ಕೆ ಏರಿಸಿತು. ರೈತರ ಮನೆಯಲ್ಲಿ ಹುಟ್ಟಿ ಬೆಳೆದ ಮಗುವಿಗೆ ಪೇಟೆಯ ಕೋಚಿಂಗಿನಲ್ಲಿ ಸಿಗದ ತಿಳಿವಳಿಕೆಯೊಂದು ಇರುತ್ತದೆ ಎಂಬ ನಂಬಿಕೆಯಿಂದ ಬಂದ ವ್ಯವಸ್ಥೆ ಇದು, ಅದನ್ನು ನಾನು ಮನಸಾರೆ ಒಪ್ಪುತ್ತೇನೆ.

ಆದರೆ ಕರಾವಳಿಯ ಮಕ್ಕಳು ಇದರಲ್ಲಿ ಹಿಂದೆ ಬೀಳುವುದಕ್ಕೆ ಒಂದು ಕಾರಣವಿದೆ. ಪರೀಕ್ಷೆಯಲ್ಲಿ ಮೇಜಿನ ಮೇಲೆ ಬೀಜ, ಗೊಬ್ಬರ, ಉಪಕರಣ, ಕೀಟ, ರೋಗ ತಗುಲಿದ ಎಲೆ ಮುಂತಾದವನ್ನು ಇಟ್ಟು ಗುರುತಿಸಲು ಹೇಳುತ್ತಾರೆ. ಕೊಳೆರೋಗ ಬಂದ ಅಡಿಕೆಯನ್ನು ನೀನು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಸಜ್ಜೆಗೂ ನವಣೆಗೂ, ಹೆಸರಿಗೂ ಉದ್ದಿಗೂ, ತೊಗರಿ ಗಿಡಕ್ಕೂ ಸೋಯಾ ಗಿಡಕ್ಕೂ ಇರುವ ವ್ಯತ್ಯಾಸ ನಿನಗೆ ಗೊತ್ತೇ? ಕೂರಿಗೆಯನ್ನು, ಕುಂಟೆಯನ್ನು ನೋಡಿದ್ದೀಯಾ? ಘಟ್ಟದ ಮೇಲಿನ ಹುಡುಗನಿಗೆ ಇವು ಮನೆಯಂಗಳದ ವಸ್ತುಗಳು. ಹಾಗಾಗಿ ಈ ಒಂದು ವರ್ಷದಲ್ಲಿ ಇಷ್ಟು ಮಾಡು: ದಿನಸಿ ಅಂಗಡಿಯಿಂದ ಪ್ರತಿಯೊಂದು ಧಾನ್ಯ, ದ್ವಿದಳ, ಎಣ್ಣೆಕಾಳನ್ನು ಒಂದೊಂದು ಹಿಡಿ ತಂದು ಡಬ್ಬಿಗಳಲ್ಲಿ ಹಾಕಿಡು. ನಾಲ್ಕೈದು ಕಾಳು ಬಿತ್ತಿ ಗಿಡವನ್ನು ನೋಡು. ಯೂರಿಯಾ, ಪೊಟ್ಯಾಷ್, ರಾಕ್ ಫಾಸ್ಫೇಟ್, ಸುಣ್ಣ, ಮೈಲುತುತ್ತು ಇವುಗಳನ್ನು ಸೊಸೈಟಿಯ ಗೋದಾಮಿನಲ್ಲಿ ಬಣ್ಣ ಮತ್ತು ಹರಳಿನಿಂದ ಗುರುತಿಸಲು ಕಲಿ. ಬ್ರಹ್ಮಾವರದ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರಕ್ಕೂ ಮಂಗಳೂರು ಕಂಕನಾಡಿಯ ಕೃಷಿ ವಿಜ್ಞಾನ ಕೇಂದ್ರಕ್ಕೂ ಒಂದೊಂದು ದಿನ ಹೋಗು. ಕೇಳುವ ಹುಡುಗರು ಬಂದರೆ ಅಲ್ಲಿನವರು ಸಂತೋಷದಿಂದ ತೋರಿಸುತ್ತಾರೆ. ಬೆಂಗಳೂರಿನಲ್ಲಿಯೋ ಧಾರವಾಡದಲ್ಲಿಯೋ ನಡೆಯುವ ಕೃಷಿ ಮೇಳಕ್ಕೆ ಊರಿನವರು ಬಸ್ಸು ಮಾಡಿಕೊಂಡು ಹೊರಟಾಗ ನೀನೂ ಹೊರಡು.

ಕಾಗದಪತ್ರಗಳ ಕೆಲಸವನ್ನು ಈಗಲೇ ಆರಂಭಿಸು. ಜಾಗ ಅಜ್ಜನ ಹೆಸರಿನಲ್ಲಿದ್ದರೆ ಪಹಣಿಯ ಜೊತೆಗೆ ವಂಶವೃಕ್ಷವೂ ಬೇಕಾಗಬಹುದು. ನಮ್ಮ ಕಡೆ ಕುಟುಂಬದ ಆಸ್ತಿಗಳು ಹಲವರ ಜಂಟಿ ಹೆಸರಿನಲ್ಲಿ ಉಳಿದಿರುವುದರಿಂದ ತಾಲ್ಲೂಕು ಕಚೇರಿಯಲ್ಲಿ ದಿನ ಹಿಡಿಯುತ್ತದೆ. ಕೃಷಿಕ ಕುಟುಂಬವೆಂಬ ಪ್ರಮಾಣಪತ್ರವನ್ನು ತಹಸೀಲ್ದಾರರಿಂದ ಪಡೆಯಬೇಕು. ಈ ಕೋಟಾ ಬೇಕೆಂಬುದನ್ನು ಸಿಇಟಿಯ ಅರ್ಜಿ ತುಂಬುವಾಗಲೇ ನಮೂದಿಸಬೇಕು. ಫಲಿತಾಂಶ ಬಂದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ಮನೆಯಲ್ಲಿ ಸಂಬಳದ ಆದಾಯವೂ ಇರುವವರು ಆ ವರ್ಷದ ಕೈಪಿಡಿಯಲ್ಲಿನ ಅರ್ಹತೆಯ ಷರತ್ತನ್ನು ಮೊದಲು ಓದಿಕೊಳ್ಳಬೇಕು. ಹೆಬ್ರಿಯ ತಾಯಿಗೂ ಈ ಮಾತು ಅನ್ವಯಿಸುತ್ತದೆ. ಹತ್ತು ವರ್ಷ ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದವನಾದ್ದರಿಂದ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗಳೂ ನಿನಗಿವೆ. ಅವುಗಳ ಪ್ರಮಾಣಪತ್ರಕ್ಕೆ ನಿನ್ನ ಹಳೆಯ ಶಾಲೆಯ ಮುಖ್ಯೋಪಾಧ್ಯಾಯರ ಸಹಿ ಬೇಕು, ಬೇಸಿಗೆ ರಜೆಯಲ್ಲಿ ಅವರು ಸಿಗುವುದಿಲ್ಲ.

ಪಿಯುಸಿ ಅಂಕವನ್ನು ಕಡೆಗಣಿಸಬೇಡ. ಸಿಇಟಿಯ ಮೂರು ದಿನದ ಹಿಂದೆ ಓದಿದ್ದು ಕೈ ಕೊಟ್ಟರೂ ವರ್ಷವಿಡೀ ಓದಿದ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರದ ಅಂಕಗಳು ನಿನ್ನನ್ನು ಹಿಡಿದು ನಿಲ್ಲಿಸುತ್ತವೆ. ಕೃಷಿ ಎಂಜಿನಿಯರಿಂಗ್ ಅಥವಾ ಆಹಾರ ತಂತ್ರಜ್ಞಾನದ ಬಿ.ಟೆಕ್ ಕಡೆ ಮನಸ್ಸಿದ್ದರೆ ಗಣಿತವೂ ಬೇಕು.

ಪ್ರಶ್ನೆ: ನಾನು ವಿಧವೆ, ಮೂಲ್ಕಿಯಲ್ಲಿದ್ದೇನೆ. ಮಗನಿಗೆ ಕೃಷಿ ಓದುವ ಆಸೆಯಿದೆ. ಆದರೆ ಹಾಸಿಗೆ ಹಿಡಿದಿರುವ ಅತ್ತೆಯನ್ನು ನಾನೊಬ್ಬಳೇ ನೋಡಿಕೊಳ್ಳಲಾರೆ, ಅವನು ಮನೆಯಿಂದಲೇ ಹೋಗಿಬರುವಂತಿರಬೇಕು. ಹತ್ತಿರದಲ್ಲಿ ಏನಿದೆ? (ಓದುಗರು, ಮೂಲ್ಕಿ)

ಉತ್ತರ: ಕೃಷಿಗೆ ತೀರ ಹತ್ತಿರದ, ಮನೆಯಿಂದಲೇ ಹೋಗಿಬರಬಹುದಾದ ಸರಕಾರಿ ಪದವಿಯೊಂದು ಮಂಗಳೂರಿನಲ್ಲೇ ಇದೆ. ಎಕ್ಕೂರಿನ ಮೀನುಗಾರಿಕಾ ಕಾಲೇಜು 1969ರಲ್ಲಿ ಆರಂಭವಾದದ್ದು, ದೇಶದ ಮೊದಲ ಮೀನುಗಾರಿಕಾ ಕಾಲೇಜು. ಈಗ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಅಲ್ಲಿನ ಬಿಎಫ್‌ಎಸ್ಸಿಯೂ ನಾಲ್ಕು ವರ್ಷದ್ದೇ, ಸಿಇಟಿಯ ಮೂಲಕವೇ ಪ್ರವೇಶ. ಸಿಗಡಿ ಮತ್ತು ಮೀನು ಸಾಕಣೆ, ಸಂಸ್ಕರಣೆ, ರಫ್ತು, ಸಂಶೋಧನಾ ಸಂಸ್ಥೆಗಳು, ಮೀನುಗಾರಿಕಾ ಇಲಾಖೆ ಹೀಗೆ ನಮ್ಮ ಕರಾವಳಿಯಲ್ಲೇ ಕೆಲಸಕ್ಕೆ ಹಾದಿಗಳಿವೆ. ಬ್ಯಾಂಕುಗಳ ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗೂ ಈ ಪದವೀಧರರು ಅರ್ಜಿ ಹಾಕುತ್ತಾರೆ. ಆದರೆ ಮಣ್ಣಿನ ಕೆಲಸದ ಆಸೆ ಇರುವ ಹುಡುಗನನ್ನು ನೀರಿನ ಕೆಲಸಕ್ಕೆ ಒಗ್ಗಿಸುವ ಮೊದಲು ಅವನೊಡನೆ ಕುಳಿತು ಮಾತನಾಡಿ. ಆ ಕಾಲೇಜನ್ನು ಅವನು ಒಮ್ಮೆ ನೋಡಿ ಬರಲಿ. ಒಲ್ಲೆನೆಂದರೆ ಒತ್ತಾಯಿಸದೆ, ಅತ್ತೆಯವರ ಆರೈಕೆಗೆ ಬಂಧುಗಳ ನೆರವಿನ ದಾರಿಯನ್ನು ಹುಡುಕಿ ಅವನನ್ನು ಘಟ್ಟದ ಮೇಲೆ ಕಳುಹಿಸುವುದೇ ನ್ಯಾಯ.

ಪ್ರಶ್ನೆ: ಪುತ್ತೂರು ಸಮೀಪ ನಾಲ್ಕು ಎಕರೆ ಅಡಿಕೆ, ಎಡೆಯಲ್ಲಿ ಕಾಳುಮೆಣಸು, ಗುಡ್ಡದಲ್ಲಿ ಗೇರು ಇದೆ. ಎಲೆಚುಕ್ಕಿ ರೋಗದಿಂದ ಕಂಗೆಟ್ಟಿದ್ದೇವೆ. ಮಗ ಓದಿ ತೋಟಕ್ಕೇ ಮರಳುತ್ತೇನೆ ಎನ್ನುತ್ತಾನೆ. ಸಿಇಟಿಯಲ್ಲಿ ಕೃಷಿ, ತೋಟಗಾರಿಕೆ ಎರಡೂ ಸಿಗುವ ರ‍್ಯಾಂಕ್ ಬಂದಿದೆ. ಬಿಎಸ್ಸಿ ಅಗ್ರಿಯೇ ಮೇಲು ಎಂದು ಎಲ್ಲರೂ ಹೇಳುತ್ತಾರೆ. ನಿಮ್ಮ ಸಲಹೆ ಏನು? ರ‍್ಯಾಂಕಿಂಗ್ ಪಟ್ಟಿ ನೋಡಿ ತೀರ್ಮಾನಿಸಬಹುದೇ? (ಒಬ್ಬ ಕೃಷಿಕರು, ಪುತ್ತೂರು)

ಉತ್ತರ: ಮರಳುತ್ತೇನೆ ಎನ್ನುವ ಮಗನಿದ್ದಾನೆ ಎಂಬ ಸಾಲನ್ನು ಓದಿ ನಿಜಕ್ಕೂ ಸಂತೋಷವಾಯಿತು. ಅವನ ಆ ಮಾತು ಗಟ್ಟಿಯಿದ್ದರೆ ನನ್ನ ಸಲಹೆ ತೋಟಗಾರಿಕೆ.

ಮನೆಮಾತಿನಲ್ಲಿ ನಾವು ಎಲ್ಲವನ್ನೂ ಕೃಷಿ ಎನ್ನುತ್ತೇವೆ. ವಿಶ್ವವಿದ್ಯಾಲಯದಲ್ಲಿ ಭತ್ತ, ರಾಗಿ, ಜೋಳ, ಬೇಳೆಕಾಳು, ಎಣ್ಣೆಕಾಳು, ಹತ್ತಿ, ಕಬ್ಬು ಕೃಷಿಯ ಪಾಲಿಗೆ; ಅಡಿಕೆ, ತೆಂಗು, ಕಾಳುಮೆಣಸು, ಗೇರು, ಕೊಕ್ಕೋ, ಹಣ್ಣು, ತರಕಾರಿ, ಹೂವು ತೋಟಗಾರಿಕೆಯ ಪಾಲಿಗೆ. ಕೃಷಿ ಪದವಿಯಲ್ಲಿ ತೋಟದ ಬೆಳೆಗಳಿಗೆ ಕೆಲವೇ ಪಾಠಗಳು, ತೋಟಗಾರಿಕೆಯಲ್ಲಿ ನಾಲ್ಕೂ ವರ್ಷ ಅವೇ. ನಿಮ್ಮ ನಾಲ್ಕು ಎಕರೆಯಲ್ಲಿರುವ ಒಂದೊಂದು ಬೆಳೆಯೂ ಎರಡನೆಯ ಪಟ್ಟಿಯಲ್ಲಿದೆ. ಅಗ್ರಿಯೇ ಮೇಲು ಎಂಬ ಮಾತಿನ ಹಿಂದೆ ಒಂದು ಸತ್ಯ ಇಲ್ಲದಿಲ್ಲ: ಕೃಷಿ ಇಲಾಖೆಯಲ್ಲಿ ಮತ್ತು ಗೊಬ್ಬರ, ಬೀಜ, ಕೀಟನಾಶಕ ಕಂಪನಿಗಳಲ್ಲಿ ಕೃಷಿ ಪದವೀಧರರಿಗೆ ಹುದ್ದೆಗಳು ಹೆಚ್ಚು. ಸರಕಾರಿ ನೌಕರಿಯೇ ಗುರಿಯಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ತೋಟಗಾರಿಕೆಯವರಿಗೂ ತಮ್ಮದೇ ಇಲಾಖೆಯಿದೆ, ಹುದ್ದೆಗಳ ಸಂಖ್ಯೆ ಕಡಿಮೆ.

ಕಾಲೇಜಿನ ಆಯ್ಕೆಯಲ್ಲಿ ಮೂಡಿಗೆರೆಯನ್ನು ಮೊದಲಿಗೆ ಬರೆಯಿರಿ. ಶಿವಮೊಗ್ಗ ವಿಶ್ವವಿದ್ಯಾಲಯದ ತೋಟಗಾರಿಕಾ ಕಾಲೇಜು ಅದು. ಚಾರ್ಮಾಡಿ ಘಾಟಿ ಹತ್ತಿದರೆ ಸಿಗುವ ಊರು. ಕಾಫಿ, ಮೆಣಸು, ಏಲಕ್ಕಿ, ಅಡಿಕೆಯ ನಡುವೆ, ನಮ್ಮಂಥದೇ ಮಳೆಯಲ್ಲಿ ಓದುವ ಅವಕಾಶ. ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಲ್ಲುವುದುಂಟು, ಆದ್ದರಿಂದ ಜುಲೈ ತಿಂಗಳಲ್ಲಿ ವಾರ ವಾರ ಮನೆಗೆ ಬರುವ ಯೋಚನೆ ಬೇಡ. ಎರಡನೆಯದಾಗಿ, ಬಾಗಲಕೋಟೆ ವಿಶ್ವವಿದ್ಯಾಲಯಕ್ಕೆ ಸೇರಿದ ಶಿರಸಿಯ ತೋಟಗಾರಿಕಾ ಕಾಲೇಜು. ಅದೂ ಅಡಿಕೆಯ ಸೀಮೆಯೇ. ನಂತರ ಮೈಸೂರು, ಬೆಂಗಳೂರು, ಕೋಲಾರ, ಬಾಗಲಕೋಟೆ, ಅರಭಾವಿ.

ರ‍್ಯಾಂಕಿಂಗ್ ಪಟ್ಟಿಯ ಬಗ್ಗೆ ಕೇಳಿದ್ದೀರಿ. ಕೇಂದ್ರ ಸರಕಾರದ ಎನ್‌ಐಆರ್‌ಎಫ್ 2023ರಿಂದ ಕೃಷಿ ಸಂಸ್ಥೆಗಳಿಗೆ ಪ್ರತ್ಯೇಕ ಪಟ್ಟಿ ಪ್ರಕಟಿಸುತ್ತಿದೆ. ಅದು ಸಂಶೋಧನೆ, ಪ್ರಕಟಣೆ ಮುಂತಾದವನ್ನು ಅಳೆದು ಇಡೀ ವಿಶ್ವವಿದ್ಯಾಲಯಕ್ಕೆ ಕೊಡುವ ಸ್ಥಾನ. ಮೂಡಿಗೆರೆಯಲ್ಲಿ ಸಸ್ಯರೋಗ ಶಾಸ್ತ್ರಕ್ಕೆ ಕಾಯಂ ಅಧ್ಯಾಪಕರಿದ್ದಾರೆಯೇ ಎಂಬುದು ಅದರಲ್ಲಿ ಕಾಣಿಸುವುದಿಲ್ಲ, ನಿಮ್ಮ ಮಗನಿಗೆ ಬೇಕಾದದ್ದು ಆ ಉತ್ತರ. ಕಾಲೇಜಿಗೆ ಹೋದಾಗ ಪ್ರತಿಯೊಂದು ವಿಭಾಗದ ಬಾಗಿಲಿನ ಹೆಸರುಫಲಕವನ್ನು ಓದಿ, ಹುದ್ದೆ ಖಾಲಿಯಿದೆಯೇ ಎಂದು ಸಂಕೋ‍ಚವಿಲ್ಲದೆ ಕೇಳಿ.

ಎಲೆಚುಕ್ಕಿಗೆ ಮಗನ ಪದವಿ ಮುಗಿಯುವವರೆಗೆ ಕಾಯಲಾಗುವುದಿಲ್ಲ. ವಿಟ್ಲದಲ್ಲಿ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐ ಪ್ರಾದೇಶಿಕ ಕೇಂದ್ರ, ನಿಮ್ಮ ಪುತ್ತೂರಿನಲ್ಲೇ ಗೇರು ಸಂಶೋಧನಾ ನಿರ್ದೇಶನಾಲಯ ಇರುವಾಗ, ದೇಶದ ಬೇರೆಡೆಯ ತೋಟಗಾರಿಕಾ ವಿದ್ಯಾರ್ಥಿಗಳು ಹುಡುಕಿಕೊಂಡು ಬರುವ ವಿಜ್ಞಾನಿಗಳು ನಿಮಗೆ ಬೈಕಿನ ದೂರದಲ್ಲಿದ್ದಾರೆ. ಕಾಲೇಜು ಆರಂಭವಾಗುವುದಕ್ಕೆ ಇನ್ನೂ ಸಮಯವಿದೆ. ರೋಗ ತಗುಲಿದ ಸೋಗೆಯ ಎರಡು ಗರಿಗಳನ್ನು ಕಾಗದದಲ್ಲಿ ಸುತ್ತಿ, ತೋಟಕ್ಕೆ ಕಳೆದ ಎರಡು ವರ್ಷ ಯಾವ ಔಷಧ ಯಾವಾಗ ಹೊಡೆದಿರಿ, ಯಾವ ಗೊಬ್ಬರ ಎಷ್ಟು ಹಾಕಿದಿರಿ ಎಂಬುದನ್ನು ಬರೆದುಕೊಂಡು, ಮಗನನ್ನೇ ವಿಟ್ಲಕ್ಕೆ ಕಳುಹಿಸಿ. ಅಲ್ಲಿಂದ ಅವನು ಏನೇನು ಕೇಳಿಕೊಂಡು ಬಂದ ಎಂಬುದನ್ನು ಆಪ್ಷನ್ ಎಂಟ್ರಿ ಮುಗಿಯುವ ಮೊದಲು ನನಗೆ ಬರೆಯಿರಿ. ಮುಂದಿನ ಸಂಚಿಕೆಯವರೆಗೆ ಕಾಯದೆ ಅಂಚೆಯಲ್ಲೇ ಉತ್ತರಿಸುತ್ತೇನೆ.